ಸಾಲಿನ ಕೊನೆ

ಬಲ್ಲಾರ್ಡ್ ಎಸ್ಟೇಟಿನ ಮೂರನೇ ಮಹಡಿಯಲ್ಲಿ, ರಾತ್ರಿ ಎರಡು ಹತ್ತಕ್ಕೆ,
ನನ್ನ ಸರ್ವರ್ ಒಂದು ಕಾಗದವನ್ನು ಬಾಗಿಲಲ್ಲೇ ತಡೆಯಿತು.
ಕಾರಣ ಕೇಳಿದರೆ ಐನೂರ ಐವತ್ತು ಎಂದಿತು.
ಅಷ್ಟೇ. ಕಚೇರಿ ಗುಮಾಸ್ತನ ಹಾಗೆ, ಮುಖವೆತ್ತದೆ.

ಅದಕ್ಕೆ ಮಾತಿನ ಕ್ರಮ ಗೊತ್ತು:
ಮೊದಲು ನಮಸ್ಕಾರ, ಬಂದವರು ಹೆಸರು ಹೇಳಬೇಕು,
ಆಮೇಲೆ ಯಾರಿಂದ, ಆಮೇಲೆ ಯಾರಿಗೆ,
ಒಡಲು ಅದಾದ ಮೇಲೆ.
ನಮ್ಮಜ್ಜಿ ಇನ್‌ಲ್ಯಾಂಡ್ ಕಾಗದ ಬರೆಸುವಾಗ
ಬಣವೆಗೆ ಬೆಂಕಿ ಬಿದ್ದ ಸುದ್ದಿಗೂ ಮೊದಲು
'ಉಭಯ ಕುಶಲೋಪರಿ ಸಾಂಪ್ರತ' ಆಗಲೇಬೇಕಿತ್ತು;
ಅದಿಲ್ಲದ್ದು ಕಾಗದವಲ್ಲ, ಚೀಟಿ.
ಕೊನೆಗೆ, ತನ್ನದೇ ಸಾಲಿನಲ್ಲಿ, ಒಂದು ಒಂಟಿ ಚುಕ್ಕಿ.
ಚುಕ್ಕಿ ಬಂತೆಂದರೆ ಮಾತು ಮುಗಿಯಿತು.

ಯಾರಾದರೂ ನಿಜವಾಗಿ ಒಂದು ಚುಕ್ಕಿಯನ್ನಷ್ಟೇ ಬರೆದಿದ್ದರೆ
ಪಕ್ಕದಲ್ಲಿ ಇನ್ನೊಂದು ಇಟ್ಟು ಕಳಿಸುತ್ತೇವೆ, ದೃಷ್ಟಿಬೊಟ್ಟಿನಂತೆ;
ಆ ಕಡೆಯವರು ಅದನ್ನು ಒರೆಸಿ ಓದುತ್ತಾರೆ.
ಈ ಕೆಲಸದಲ್ಲಿ ನನಗೆ ಇಷ್ಟವಾದದ್ದು ಇದೊಂದೇ.

ತಡೆದದ್ದು ಮಾಝಗಾಂವಿನ ಟಗ್ ಆಫೀಸಿನ ಕಾಗದ:
ಉಬ್ಬರ ಎಷ್ಟು ಗಂಟೆಗೆ, ಎಷ್ಟು ಮೀಟರು,
ಯಾವ ಹಡಗು, ಯಾವ ಬರ್ತು, ಯಾವ ಟಗ್ಗು ಮೊದಲು.
ಇಪ್ಪತ್ತಾರು ವರ್ಷದಿಂದ ದಿನಾ ರಾತ್ರಿ ಬರುವಂಥದ್ದು.
ಅದರ ಸಾಲುಗಳು ಮುಗಿಯುವ ರೀತಿ ಸರಿಯಿಲ್ಲ.
ಪ್ರತಿ ಸಾಲೂ ಎರಡು ಹೆಜ್ಜೆಯಲ್ಲಿ ಮುಗಿಯತಕ್ಕದ್ದು:
ಎಡಕ್ಕೆ ಮರಳು, ಕೆಳಕ್ಕೆ ಇಳಿ.
ಇದು ಮರಳುವುದಿಲ್ಲ, ಬರೀ ಇಳಿಯುತ್ತದೆ.

ಹಿಂದಿನ ಗುರುವಾರದವರೆಗೆ ನಾವು ನೋಡಿಯೂ ನೋಡದಂತಿದ್ದೆವು.
ಅದೇ ಸಂದಿಯಲ್ಲಿ ಕಳ್ಳರು ನುಸುಳಿದರು,
ಒಂದು ಕಾಗದದ ಬಸಿರಲ್ಲಿ ಇನ್ನೊಂದು, ನಮ್ಮದೇ ಮೊಹರಿನೊಂದಿಗೆ.
ಸಾಫ್ಟ್‌ವೇರ್ ಬರೆದವರು ಬೀಗ ಕಳಿಸಿದರು. ಜಡಿದವಳು ನಾನೇ.
'ಹೌದು' ಎಂದು ಒಂದು ಪದ ಬರೆದು ಚಹಾ ಕುಡಿದೆ.

ಮಾಝಗಾಂವಿನ ಪ್ರೋಗ್ರಾಮು ಬರೆದವರು ಕೇಕಿ ದಸ್ತೂರ್.
ಹೆಸರು ನೋಡಿ ನಗುವ ಹೊತ್ತಲ್ಲ.
ದಾದರ್ ಪಾರ್ಸಿ ಕಾಲೊನಿ, ವಯಸ್ಸು ಎಂಬತ್ತೊಂದು,
ಎರಡನೇ ರಿಂಗಿಗೇ ಎತ್ತಿದರು, ನಿದ್ದೆ ಬಾರದವರ ಚುರುಕಿನಲ್ಲಿ.
ಬೇಟಿ, ಎಡಕ್ಕೆ ಮರಳುವುದು ಟೈಪ್‌ರೈಟರಿನ ಗಾಡಿ.
ನನ್ನ ಯಂತ್ರಕ್ಕೆ ಗಾಡಿಯೇ ಇರಲಿಲ್ಲ. ಇಲ್ಲದ್ದನ್ನು ಏನಂತ ಮರಳಿಸಲಿ?
ಸ್ವಲ್ಪ ತಡೆದು:
ನಿಯಮ ಓದಿದ್ದೆ. ಎಲ್ಲರೂ ತೆಗೆದುಕೊಳ್ಳುತ್ತಿದ್ದರಲ್ಲ, ಸುಮ್ಮನಾದೆ.
ಮೂಲ ಪ್ರತಿ?
ಆ ಜುಲೈಯ ನೀರಿನಲ್ಲಿ ಹೋಯಿತು.

ನಿಯಮದ ಪುಸ್ತಕಕ್ಕೆ ಮೂರೇ ಕ್ರಿಯಾಪದ.
ತಕ್ಕದ್ದು. ಬೇಕು. ಬಹುದು.
ಮೊದಲನೆಯದು ಕಲ್ಲು.
ಎರಡನೆಯದು ಸೋದರತ್ತೆ, ತಕ್ಕ ಕಾರಣ ಹೇಳಿದರೆ ಬಿಟ್ಟಾಳು.
ಮೂರನೆಯದು ಬಾಗಿಲ ಕೆಳಗಿನ ಬೆಳಕು.
ನನ್ನ ಕೈಯಲ್ಲಿದ್ದದ್ದು ಮೊದಲನೆಯದು.

ಎರಡು ನಲವತ್ತು. ಭಾವುಚಾ ಧಕ್ಕಾದಿಂದ ಸಾರಂಗ ಪಾವಸ್ಕರರ ಫೋನು:
ಕಾಗದ ಬಂತಾ ಬಾಯಿ? ಎಂಜಿನ್ ಬಿಸಿ ಮಾಡಲಾ?
ಐನೂರ ಐವತ್ತೆಂದರೆ ಇನ್ನು ಬರಬೇಡ ಎಂದರ್ಥ.
ಕೇಕಿಯವರ ಪ್ರೋಗ್ರಾಮಿಗೆ ಅದೂ ತಿಳಿಯದು;
ಹತ್ತು ನಿಮಿಷಕ್ಕೊಮ್ಮೆ ಬಂದು ಮತ್ತೆ ನಮಸ್ಕಾರ ಎನ್ನುತ್ತದೆ,
ಮಾನ ಬಿಟ್ಟ ಸಾಲಗಾರನಂತಲ್ಲ,
ಬೈಗುಳದ ಭಾಷೆಯೇ ಬಾರದ ಮಗುವಿನಂತೆ.
ಒಂದು ತಪ್ಪು ಮುಚ್ಚಿದ ಬಾಗಿಲಿಗೆ ಇನ್ನೊಂದು ತಪ್ಪು ಬಂದು ನಿಂತಿತ್ತು.

ಬಿಡುವಿನ ಪಟ್ಟಿಯಲ್ಲಿ ಅದರ ವಿಳಾಸ ಬರೆದೆ, ಒಂದೇ ಸಾಲು.
ಮೇಲೊಂದು ಷರಾ:
ಇವನ ಸಾಲುಗಳು ಮರಳುವುದಿಲ್ಲ. ಗೊತ್ತಿದೆ.
ಎರಡು ಐವತ್ತಕ್ಕೆ ಬಂತು. ಇನ್ನೂರ ಐವತ್ತು.
ದೂರದಲ್ಲಿ ಒಂದು ಹಾರನ್, ಪಾವಸ್ಕರರದೋ ಬೇರೆಯವರದೋ.

ಮೂರೂ ಕಾಲಿಗೆ ಕೇಕಿಯವರೇ ಕರೆದರು.
ಬಾಗಿಲು ಮುಚ್ಚಿಡು ಬೇಟಿ. ಸೋಮವಾರ ಬರುತ್ತೇನೆ.
ಎಲ್ಲಿ ಒಂದು ಅಕ್ಷರ ಸೇರಿಸಬೇಕೆಂದು ನನಗೆ ನೆನಪಿದೆ.

ಅದಾಗಿ ಮೂರು ಸೋಮವಾರ.
ಪಟ್ಟಿಯಲ್ಲಿ ಆ ಸಾಲು ಹಾಗೇ ಇದೆ.
ಎರಡು ಹತ್ತಕ್ಕೆ ಕಾಗದ ಬರುತ್ತದೆ, ಹೆಸರು ಹೇಳುತ್ತದೆ,
ಉಬ್ಬರದ ಲೆಕ್ಕವನ್ನೆಲ್ಲ ಒಪ್ಪಿಸುತ್ತ
ಇಳಿಯುತ್ತದೆ, ಇಳಿಯುತ್ತದೆ,
ಎಡಕ್ಕೊಮ್ಮೆಯೂ ತಿರುಗದೆ.